ಅಭ್ಯಾಸಕ್ಕೆ ಯಾವ ಗೇಮ್ ಪೀಸ್ ಕೊಳ್ಳಬೇಕು? ಶಾಲಾ ರೊಬಾಟಿಕ್ಸ್ ತಂಡಗಳಿಗೊಂದು ಹೋಲಿಕೆ

ಸೆಪ್ಟೆಂಬರ್ ಬಂತೆಂದರೆ, ಶಾಲಾ ಮಕ್ಕಳು ರೋಬೊ ಕಟ್ಟಿ ಆಡುವ ಫಸ್ಟ್ ಟೆಕ್ ಚಾಲೆಂಜ್ ಸ್ಪರ್ಧೆಯ ಹೊಸ ಆಟ ಹೊರಬೀಳುತ್ತದೆ. ಅದರ ಬೆನ್ನಿಗೇ ಮೇಷ್ಟ್ರುಗಳಿಂದ, ತಂಡದ ಮಕ್ಕಳಿಂದ, ಖರ್ಚಿನ ಲೆಕ್ಕ ಹಿಡಿದ ಪೋಷಕರಿಂದ ಒಂದೇ ಪ್ರಶ್ನೆ ಬರುತ್ತದೆ. ಅಧಿಕೃತ ಗೇಮ್ ಪೀಸ್‌ಗಳನ್ನು, ಅಂದರೆ ರೋಬೊ ಎತ್ತಿ ಎಸೆಯುವ ಇಲ್ಲವೇ ಪೇರಿಸುವ ಚೆಂಡು, ಬಿಲ್ಲೆಯಂಥ ಆಟದ ವಸ್ತುಗಳನ್ನು, ಅಮೆರಿಕದಿಂದಲೇ ತರಿಸಬೇಕೆ? ಇಲ್ಲಿನ ಅಂಗಡಿಯಲ್ಲಿ ಸಿಗುವ ಚೆಂಡಿನಲ್ಲಿ ಕೆಲಸ ಸಾಗುತ್ತದೆಯೆ? ಶಾಲೆಯ 3ಡಿ ಪ್ರಿಂಟರ್‌ನಲ್ಲಿ ನಾವೇ ಮಾಡಿಕೊಂಡರೆ ಹೇಗೆ? ಮೋಟಾರು, ಬ್ಯಾಟರಿ, ರೋಬೊವನ್ನು ನಡೆಸುವ ಕಂಟ್ರೋಲ್ ಹಬ್ ಎಂದು ಅಷ್ಟೆಲ್ಲ ಖರ್ಚಾದ ಮೇಲೆ ಚೆಂಡಿಗೂ ದುಡ್ಡು ಸುರಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಅಳತೆಗೆ ಹೊಂದದ ಚೆಂಡಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ತಂಡ ಸ್ಪರ್ಧೆಯ ದಿನ ಬೆಳಿಗ್ಗೆ ಚೆಂಡು ಎಸೆಯುವ ಶೂಟರ್‌ನ ವೇಗ, ಚೆಂಡನ್ನು ಒಳಕ್ಕೆಳೆದುಕೊಳ್ಳುವ ಇನ್‌ಟೇಕ್‌ನ ಸಂದು ಎಲ್ಲವನ್ನೂ ಮತ್ತೆ ಹೊಂದಿಸುತ್ತಾ ಕೂರಬೇಕಾಗುತ್ತದೆ. ಮಕ್ಕಳ ಅಷ್ಟು ದಿನದ ದುಡಿಮೆ ಹೀಗೆ ಸೋರಿಹೋಗಬಾರದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಬಗೆಯ ಪೀಸ್‌ಗಳನ್ನು ರಾಶಿ ಕೊಳ್ಳಬೇಡಿ. ನಿಮ್ಮ ರೋಬೊದ ಯಾವ ಭಾಗ ಆ ವಸ್ತುವಿನ ಯಾವ ಗುಣದೊಂದಿಗೆ ವ್ಯವಹರಿಸುತ್ತದೆ ಎಂಬುದನ್ನು ಗುರುತಿಸಿ. ಆ ಗುಣ ಮಾತ್ರ ಅಸಲಿನಂತೆಯೇ ಇರಲಿ, ಉಳಿದ ಕಡೆ ದುಡ್ಡು ಉಳಿಸಿ. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ಉದಾಹರಣೆಗೆ 2025–26ರ ಆಟವಾದ ಡಿಕೋಡ್ ಅನ್ನು ಹಿಡಿದುಕೊಳ್ಳೋಣ. ಅದರ ಗೇಮ್ ಪೀಸ್ ಸುಮಾರು 5 ಇಂಚು ವ್ಯಾಸದ, ಸುಮಾರು 75 ಗ್ರಾಂ ತೂಕದ, ಮೈಯೆಲ್ಲ ತೂತುಗಳಿರುವ ಟೊಳ್ಳು ಪ್ಲಾಸ್ಟಿಕ್ ಚೆಂಡು. ನೇರಳೆ ಬಣ್ಣದವು 24, ಹಸಿರು ಬಣ್ಣದವು 12, ಒಟ್ಟು 36. ರೋಬೊ ಒಂದು ಸಲಕ್ಕೆ ಮೂರನ್ನಷ್ಟೇ ಇಟ್ಟುಕೊಳ್ಳಬಹುದು. ಅವನ್ನು ಎತ್ತರದ ಗೋಲಿಗೆ ಎಸೆಯಬೇಕು, ಬಣ್ಣದ ಕ್ರಮ ಸರಿಹೊಂದಿದರೆ ಹೆಚ್ಚಿನ ಅಂಕ. ಎತ್ತುವುದು, ವಿಂಗಡಿಸುವುದು, ಎಸೆಯುವುದು ಮೂರೂ ಇದರಲ್ಲಿ ಬರುವುದರಿಂದ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಉಂಗುರ, ಪೈಪು, ಕ್ಯೂಬುಗಳ ಆಟಗಳಿಗೆ ಆಮೇಲೆ ಬರುತ್ತೇನೆ.

ಯಾವ ಗುಣ ಯಾರಿಗೆ ಮುಖ್ಯ

ಗಾತ್ರ, ತೂಕ, ಮೈಯ ಹಿಡಿತ, ಅದುಮಿದಾಗ ಕುಗ್ಗುವ ಪ್ರಮಾಣ, ಪುಟಿತ, ಬಣ್ಣ, ಬಾಳಿಕೆ, ಒಂದರಂತೆ ಇನ್ನೊಂದಿರುವುದು, ಮನೆ ಬಾಗಿಲಿಗೆ ಬಂದು ಸೇರುವಷ್ಟರಲ್ಲಿ ಆಗುವ ಒಟ್ಟು ಬೆಲೆ. ನೋಡಬೇಕಾದ್ದು ಇಷ್ಟು. ಆದರೆ ಎಲ್ಲಕ್ಕೂ ಒಂದೇ ಮಹತ್ವ ಕೊಟ್ಟರೆ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ.

ಇನ್‌ಟೇಕ್ ಅನ್ನೇ ನೋಡಿ. ರೋಲರಿಗೂ ತಳದ ಹಲಗೆಗೂ ನಡುವಿನ ಸಂದನ್ನು ಚೆಂಡಿನ ವ್ಯಾಸಕ್ಕಿಂತ ಕೆಲವೇ ಮಿಲಿಮೀಟರ್ ಕಡಿಮೆ ಇಟ್ಟಿರುತ್ತೀರಿ, ಆ ಒತ್ತಡದಲ್ಲೇ ಚೆಂಡು ಒಳಕ್ಕೆ ಬರುವುದು. ಚೆಂಡು 4 ಮಿಲಿಮೀಟರ್ ಸಣ್ಣದಾದರೆ ರೋಲರ್ ಸುಮ್ಮನೆ ತಿರುಗುತ್ತದೆ, 4 ಮಿಲಿಮೀಟರ್ ದೊಡ್ಡದಾದರೆ ಸಿಕ್ಕಿಕೊಂಡು ಮೋಟಾರು ಬಿಸಿಯಾಗುತ್ತದೆ. ಇಲ್ಲಿ ಗಾತ್ರ, ಹಿಡಿತ, ಕುಗ್ಗುವಿಕೆ ಮೂರೂ ಅಸಲಿನಂತೆಯೇ ಇರಬೇಕು. ತೂಕ ಹತ್ತು ಗ್ರಾಂ ಆಚೀಚೆಯಾದರೆ ಇನ್‌ಟೇಕಿಗೆ ಗೊತ್ತೇ ಆಗುವುದಿಲ್ಲ.

ಶೂಟರ್‌ಗೆ ಬಂದಾಗ ಲೆಕ್ಕ ತಿರುಗುತ್ತದೆ. ಚೆಂಡನ್ನು ಚಿಮ್ಮಿಸುವ ಚಕ್ರವಾದ ಫ್ಲೈವೀಲ್ ಪೂರ್ತಿ ವೇಗದಲ್ಲಿದ್ದಾಗ ಹೊರಡುವ ಮೊದಲ ಚೆಂಡಿನ ವೇಗವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಚಕ್ರದ ಅಂಚಿನ ವೇಗ ಮತ್ತು ಹಿಡಿತ. ತುಸು ಭಾರದ ಚೆಂಡೂ ಹೆಚ್ಚುಕಡಿಮೆ ಅದೇ ದೂರ ಹೋಗುತ್ತದೆ. ಆದರೆ ಭಾರದ ಚೆಂಡು ಚಕ್ರದಿಂದ ಹೆಚ್ಚು ಶಕ್ತಿ ಎಳೆದುಕೊಳ್ಳುತ್ತದೆ, ಚಕ್ರ ನಿಧಾನವಾಗುತ್ತದೆ, ಎರಡನೆಯದು ಹತ್ತಿರ ಬೀಳುತ್ತದೆ, ಮೂರನೆಯದು ಇನ್ನೂ ಹತ್ತಿರ. ಒಂದೊಂದೇ ಚೆಂಡು ಹಾಕಿ ಪರೀಕ್ಷಿಸಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಶೂಟರ್ ಅಭ್ಯಾಸದ ಚೆಂಡನ್ನು ತೂಗಿ ನೋಡದೆ ಬಳಸಬೇಡಿ. ಜೊತೆಗೆ, ಇದ್ದ ಚೆಂಡುಗಳೆಲ್ಲ ಒಂದೇ ತೂಕದವಾಗಿರಬೇಕು. ಸರಾಸರಿ 75 ಗ್ರಾಂ ಇದ್ದೂ ಒಂದು 68, ಇನ್ನೊಂದು 82 ಆದರೆ ಗುರಿ ತಪ್ಪಿದ್ದು ಪ್ರೋಗ್ರಾಮಿನಿಂದಲೋ ಚೆಂಡಿನಿಂದಲೋ ಎಂದು ಮಕ್ಕಳಿಗೆ ತಿಳಿಯುವುದೇ ಇಲ್ಲ.

ಬಣ್ಣ ವಿಂಗಡಿಸುವ ಭಾಗಕ್ಕೆ ಬೇಕಾದ್ದು ಬೇರೆಯೇ. ಕಲರ್ ಸೆನ್ಸರ್ ಎದುರು ಚೆಂಡಿನ ತೂತು ಬಂದು ನಿಂತರೆ ಸೆನ್ಸರ್ ಓದುವುದು ಚೆಂಡಿನ ಬಣ್ಣವನ್ನಲ್ಲ, ಅದರ ಹಿಂದಿನ ಹಲಗೆಯ ಬಣ್ಣವನ್ನು. ತೂತಿಲ್ಲದ ಬದಲಿ ಚೆಂಡಿನಲ್ಲಿ ಅಭ್ಯಾಸ ಮಾಡಿದ ತಂಡಕ್ಕೆ ಈ ತೊಡಕು ಸ್ಪರ್ಧೆಯ ಅಂಗಳದಲ್ಲೇ ಮೊದಲ ಬಾರಿಗೆ ಎದುರಾಗುತ್ತದೆ. ಸೆನ್ಸರ್ ಬಳಸುವವರು ಬಣ್ಣದ ಛಾಯೆಯನ್ನೂ ತೂತನ್ನೂ ಬಿಟ್ಟುಕೊಡುವ ಹಾಗಿಲ್ಲ.

ಇನ್ನು ಡ್ರೈವರ್ ಅಭ್ಯಾಸ, ಅಂದರೆ ರೋಬೊ ಓಡಿಸುವ ವಿದ್ಯಾರ್ಥಿಯ ಅಭ್ಯಾಸ. ಎರಡೂವರೆ ನಿಮಿಷದ ಪಂದ್ಯವನ್ನು ಮತ್ತೆ ಮತ್ತೆ ಆಡಿ ಕೈ ಪಳಗಿಸುವುದಕ್ಕೆ ಬೇಕಾದ್ದು ಸಂಖ್ಯೆ. ಚೆಂಡು ಉರುಳಿ ಮೂಲೆ ಸೇರುವುದು, ಗೋಡೆಗೆ ಬಡಿದು ವಾಪಸ್ ಬರುವುದು, ನಾಲ್ಕು ಚೆಂಡು ಒಟ್ಟಿಗೆ ಬಿದ್ದಿರುವಾಗ ಮೂರನ್ನೇ ಎತ್ತಿಕೊಳ್ಳುವುದು, ಇವೆಲ್ಲ ಸುಮಾರಾದ ಚೆಂಡಿನಲ್ಲೂ ಕಲಿಯಬಹುದು. ಆರು ಒಳ್ಳೆಯ ಚೆಂಡಿಗಿಂತ ಇಪ್ಪತ್ತು ಸಾಧಾರಣ ಚೆಂಡು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಅಧಿಕೃತ ಸೆಟ್

ಅಧಿಕೃತ ಪೀಸ್‌ಗಳ ಗುಣದ ಬಗ್ಗೆ ಹೇಳಬೇಕಾದ್ದು ಹೆಚ್ಚೇನಿಲ್ಲ. ಸ್ಪರ್ಧೆಯಲ್ಲಿ ಬರುವುದೇ ಅದು. ಚೆಂಡಿಗೆ ಬಳಸಿರುವ ಪಾಲಿಪ್ರೊಪಿಲೀನ್ ಪದೇ ಪದೇ ಬಾಗಿದರೂ ಬೇಗ ಸೀಳದ ಪ್ಲಾಸ್ಟಿಕ್, ಹಾಗಾಗಿ ಬಾಳಿಕೆಯೂ ಚೆನ್ನಾಗಿದೆ. ಕಷ್ಟವಿರುವುದು ಬೆಲೆಯಲ್ಲಿ, ಅದರಲ್ಲೂ ಸಾಗಣೆಯಲ್ಲಿ.

ಅಂತರರಾಷ್ಟ್ರೀಯ ಕೊರಿಯರ್‌ಗಳು ಪೆಟ್ಟಿಗೆಯ ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 36 ಚೆಂಡುಗಳನ್ನು ಮೂರು, ಮೂರು, ನಾಲ್ಕರ ಸಾಲಿನಲ್ಲಿ ಜೋಡಿಸಿದರೆ ಪೆಟ್ಟಿಗೆ ಕಡಿಮೆಯೆಂದರೂ 37.5, 37.5, 50 ಸೆಂಟಿಮೀಟರ್ ಆಗುತ್ತದೆ. ಗಾತ್ರದ ತೂಕ 14 ಕೆಜಿ ದಾಟುತ್ತದೆ, ಚೆಂಡುಗಳ ನಿಜವಾದ ತೂಕ ಮಾತ್ರ 2.7 ಕೆಜಿ. ಗಾಳಿಗೇ ದುಡ್ಡು ತೆತ್ತಂತಾಯಿತು. ಅದರ ಮೇಲೆ ಕಸ್ಟಮ್ಸ್ ಸುಂಕ ಮತ್ತು ಐಜಿಎಸ್‌ಟಿ. ಆದ್ದರಿಂದ ಜಾಲತಾಣದಲ್ಲಿ ಕಂಡ ಡಾಲರ್ ಬೆಲೆಯನ್ನು ರೂಪಾಯಿಗೆ ಬದಲಿಸಿ ಬಜೆಟ್ ಬರೆಯಬೇಡಿ. ಕೊರಿಯರ್, ಸುಂಕ, ತೆರಿಗೆ ಎಲ್ಲ ಸೇರಿದ ಮೊತ್ತವನ್ನು ಚೆಂಡಿನ ಸಂಖ್ಯೆಯಿಂದ ಭಾಗಿಸಿ ಬರುವುದೇ ನಿಜವಾದ ಬೆಲೆ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಒಂದೇ ಊರಿನ ಮೂರು ನಾಲ್ಕು ತಂಡಗಳು ಸೇರಿ ಒಂದು ಪೂರ್ತಿ ಸೆಟ್ ತರಿಸಿ ಹಂಚಿಕೊಳ್ಳುವುದು. ಎದುರಾಳಿಗಳಲ್ಲವೇ ಎಂದು ಹಿಂಜರಿಯಬೇಕಿಲ್ಲ. ಎದುರಾಳಿಗೂ ಕೈ ಜೋಡಿಸಿ ಎನ್ನುವುದು ಈ ಸ್ಪರ್ಧೆಯೇ ಮಕ್ಕಳಿಗೆ ಕಲಿಸಲು ಬಯಸುವ ಗುಣ. ಎರಡನೆಯದು, ಅಮೆರಿಕದಲ್ಲಿರುವ ನೆಂಟರು ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಐದಾರು ಚೆಂಡು ತರಿಸಿಕೊಳ್ಳುವುದು. ಬಟ್ಟೆಗಳ ನಡುವೆ ಇಟ್ಟರೆ ತೂಕವೂ ಆಗುವುದಿಲ್ಲ, ಒಡೆಯುವ ಭಯವೂ ಇಲ್ಲ. ಐದಾರೇ ಇದ್ದರೂ ಸಾಕು. ಅವು ನಿಮ್ಮ ಅಳತೆಗೋಲು. ಬೇರೆ ಯಾವ ಚೆಂಡು ಕೊಂಡರೂ ಇವುಗಳ ಪಕ್ಕ ಇಟ್ಟು ನೋಡಬಹುದು.

ಅಂಗಡಿಯ ಚೆಂಡು

ಆಟಿಕೆ ಅಂಗಡಿಯಲ್ಲಿ ಕಾಣುವ ಪ್ಲಾಸ್ಟಿಕ್ ಚೆಂಡುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮಕ್ಕಳ ಬಾಲ್ ಪೂಲ್‌ಗೆ ಹಾಕುವ ತೆಳ್ಳನೆಯ ಚೆಂಡು, ಜಾತ್ರೆಯಲ್ಲಿ ಮಾರುವ ಗಾಳಿ ತುಂಬಿದ ಮೆತ್ತನೆಯ ಚೆಂಡು, ಮತ್ತೆ ಸ್ಪಂಜಿನ ಚೆಂಡು.

ಬಾಲ್ ಪೂಲ್ ಚೆಂಡು ಅಗ್ಗ, ನೂರರ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಅದರ ವ್ಯಾಸ 7–8 ಸೆಂಟಿಮೀಟರ್ ಅಷ್ಟೇ, ಡಿಕೋಡ್‌ನ ಇನ್‌ಟೇಕಿಗೆ ಹೊಂದುವುದಿಲ್ಲ. ರೋಲರ್ ಒಮ್ಮೆ ಅದುಮಿದರೆ ತಗ್ಗು ಬಿದ್ದು ಹಾಗೇ ಉಳಿಯುತ್ತದೆ. ಹೊಸ ತಂಡದ ಮಕ್ಕಳಿಗೆ ರೋಬೊ ಓಡಿಸುವುದು, ಚೆಂಡನ್ನು ತಳ್ಳಿ ಗೂಡು ಸೇರಿಸುವುದು ಕಲಿಸಲು ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ.

ಗಾಳಿಯ ಚೆಂಡು 5 ಇಂಚಿನ ಆಸುಪಾಸಿನಲ್ಲಿ ಸಿಗುತ್ತದೆ, ಬಣ್ಣಗಳೂ ಹಲವು. ಅದರ ಮೈ ರಬ್ಬರಿನ ಹಾಗೆ ಹಿಡಿದುಕೊಳ್ಳುತ್ತದೆ. ಇದೇ ತೊಂದರೆ: ಗಟ್ಟಿ ಪ್ಲಾಸ್ಟಿಕ್ ಚೆಂಡನ್ನು ಎತ್ತಲಾಗದ ಇನ್‌ಟೇಕ್ ಕೂಡ ಇದನ್ನು ಸಲೀಸಾಗಿ ಎತ್ತುತ್ತದೆ, ಮಕ್ಕಳು ತಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಗಾಳಿ ಇಳಿದಂತೆ ವ್ಯಾಸವೂ ಪುಟಿತವೂ ದಿನದಿಂದ ದಿನಕ್ಕೆ ಬದಲಾಗುತ್ತವೆ. ಡ್ರೈವರ್ ಅಭ್ಯಾಸಕ್ಕೆ ಇರಲಿ, ಶೂಟರ್ ಹತ್ತಿರ ಬೇಡ.

ಸ್ಪಂಜಿನ ಚೆಂಡು ಮನೆಯೊಳಗಿನ ಅಭ್ಯಾಸಕ್ಕೆ ಹಿತ. ಗಾಜು ಒಡೆಯುವುದಿಲ್ಲ, ಯಾರ ಮುಖಕ್ಕೆ ಬಡಿದರೂ ನೋವಿಲ್ಲ. ಆದರೆ ಫ್ಲೈವೀಲ್ ಅದನ್ನು ಅಗಿದು ಚೂರು ಚೂರಾಗಿ ಉದುರಿಸುತ್ತದೆ, ಆ ಚೂರು ಬೇರಿಂಗಿಗೂ ಬೆಲ್ಟಿಗೂ ಮೆತ್ತಿಕೊಳ್ಳುತ್ತದೆ. ಅಸಲು ಆಟದ ಚೆಂಡೇ ಸ್ಪಂಜಿನದಾಗಿದ್ದರೆ ಬೇರೆ ಮಾತು. ಎಫ್‌ಆರ್‌ಸಿ ಎಂಬ ಹಿರಿಯ ಮಕ್ಕಳ ಸ್ಪರ್ಧೆಯಲ್ಲಿ 2020ರ ಆಟಕ್ಕೆ 7 ಇಂಚಿನ ಹಳದಿ ಸ್ಪಂಜಿನ ಚೆಂಡೇ ಇತ್ತು.

ಬಣ್ಣ ಬಳಿದರಾಯಿತು ಎಂದುಕೊಳ್ಳುವವರಿಗೆ ಒಂದು ಮಾತು. ಪಾಲಿಥೀನ್, ಪಾಲಿಪ್ರೊಪಿಲೀನ್ ಮೈಗೆ ಸ್ಪ್ರೇ ಪೇಂಟ್ ಸರಿಯಾಗಿ ಅಂಟುವುದಿಲ್ಲ. ರೋಲರಿನಡಿ ನಾಲ್ಕು ಸಲ ಹೋದರೆ ಸಿಪ್ಪೆ ಏಳುತ್ತದೆ, ಹಿಡಿತವೂ ಬದಲಾಗುತ್ತದೆ. ಪಿವಿಸಿ ಮೇಲೆ ಬಣ್ಣ ಚೆನ್ನಾಗಿಯೇ ನಿಲ್ಲುತ್ತದೆ. ಪಾಲಿಪ್ರೊಪಿಲೀನ್ ಆದರೆ ಬಣ್ಣದ್ದನ್ನೇ ಹುಡುಕಿ ಕೊಳ್ಳಿ.

3ಡಿ ಪ್ರಿಂಟ್

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಸಾಮಾನ್ಯವಾಗಿ ಪ್ರಿಂಟರ್ ಇರುತ್ತದೆ. ಹಾಗಾಗಿ ಎಲ್ಲರ ಮನಸ್ಸು ಮೊದಲು ಅತ್ತ ಹೊರಳುವುದು ಸಹಜ. ಇದು ಯಾವಾಗ ಒಳ್ಳೆಯ ಆಯ್ಕೆ, ಯಾವಾಗ ಅಲ್ಲ ಎನ್ನುವುದು ಪೀಸ್‌ನ ಆಕಾರವನ್ನು ನೋಡಿದರೆ ತಿಳಿಯುತ್ತದೆ.

2023–24ರ ಸೆಂಟರ್‌ಸ್ಟೇಜ್ ಆಟದ ಪಿಕ್ಸೆಲ್‌ಗಳು 3 ಇಂಚು ಅಗಲ, ಅರ್ಧ ಇಂಚು ದಪ್ಪದ ಷಟ್ಕೋನದ ಬಿಲ್ಲೆಗಳು. 2024–25ರ ಇನ್‌ಟು ದ ಡೀಪ್ ಆಟದಲ್ಲಿದ್ದದ್ದು ಒಂದೂವರೆ ಇಂಚು ಚೌಕ, ಮೂರೂವರೆ ಇಂಚು ಉದ್ದದ ಪ್ಲಾಸ್ಟಿಕ್ ಬ್ಲಾಕ್. ಇಂಥ ಚಪ್ಪಟೆ ತಳದ ಸಣ್ಣ ವಸ್ತುಗಳಿಗೆ ಪ್ರಿಂಟರ್‌ಗಿಂತ ಅಗ್ಗದ, ಕರಾರುವಾಕ್ಕಾದ ದಾರಿ ಇಲ್ಲ. ಕೆಂಪು, ನೀಲಿ, ಹಳದಿ ಫಿಲಮೆಂಟ್ (ಪ್ರಿಂಟರ್ ಕರಗಿಸುವ ಪ್ಲಾಸ್ಟಿಕ್ ಎಳೆ) ಹಾಕಿ ಪ್ರಿಂಟ್ ಕೊಟ್ಟರೆ ಮುಗಿಯಿತು. ಅಂದಾಜಿಗೆ ಹೇಳುವುದಾದರೆ, ಸಾವಿರ ರೂಪಾಯಿ ಆಸುಪಾಸಿನ ಒಂದು ಕೆಜಿ ಫಿಲಮೆಂಟಿನಲ್ಲಿ 50 ಗ್ರಾಮಿನ ಇಪ್ಪತ್ತು ಪೀಸ್ ಬರುತ್ತವೆ.

ಟೊಳ್ಳು ಗೋಳಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಡಿಕೋಡ್ ಚೆಂಡಿನ ಗಾತ್ರದ ಗೋಳವನ್ನು ಪ್ರಿಂಟರ್‌ಗೆ ಸಾಮಾನ್ಯವಾಗಿ ಹಾಕುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ 75 ಗ್ರಾಂನಲ್ಲಿ ಮಾಡಿದರೆ, ತೂತುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗೋಡೆ ಹೆಚ್ಚುಕಡಿಮೆ 1.2 ಮಿಲಿಮೀಟರ್. ಪ್ರಿಂಟರ್‌ನ 0.4 ಮಿಲಿಮೀಟರ್ ತೂತಿನ ನಾಝಲ್‌ನಲ್ಲಿ ಮೂರೇ ಸುತ್ತು. ಪಾಲಿಪ್ರೊಪಿಲೀನ್ ಇದಕ್ಕಿಂತ ಹಗುರ, ಅದೇ ತೂಕಕ್ಕೆ ಗೋಡೆ ದಪ್ಪ ಬರುತ್ತದೆ, ಬಾಗುತ್ತದೆ. ಪಿಎಲ್‌ಎ ಬಾಗುವುದಿಲ್ಲ, ಪದರದ ಗೆರೆಯ ಉದ್ದಕ್ಕೂ ಬಿರಿಯುತ್ತದೆ. ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿದ್ದರಂತೂ ಹೋಯಿತು. ಗೋಡೆ ದಪ್ಪ ಮಾಡಿದಿರೋ ತೂಕ ಏರಿ ಶೂಟರ್‌ನ ಲೆಕ್ಕ ಕೆಡುತ್ತದೆ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಇದಕ್ಕಿಂತ ಮೇಲು, ಆದರೆ ಪದರದ ಗೆರೆಗಳ ಒರಟುತನ ಅದರಲ್ಲೂ ಉಳಿಯುತ್ತದೆ, ಅಸಲಿನ ನುಣುಪು ಬರುವುದಿಲ್ಲ. ಒಂದೊಂದು ಚೆಂಡಿಗೆ ಪ್ರಿಂಟರ್ ಗಂಟೆಗಟ್ಟಲೆ ದುಡಿಯಬೇಕು. ಆ ಹೊತ್ತಿನಲ್ಲಿ ಅದು ನಿಮ್ಮ ರೋಬೊದ ಬಿಡಿಭಾಗ ಮಾಡಬಹುದಿತ್ತು. ಗೋಳಕ್ಕೆ ಪ್ರಿಂಟರ್ ಬೇಡ ಎನ್ನುವುದೇ ನನ್ನ ಸಲಹೆ. ಸೆನ್ಸರ್ ಎದುರು ನಿಲ್ಲಿಸಿ ತೂತಿನ ತೊಡಕು ಪರೀಕ್ಷಿಸಲು ಎರಡು ಚೆಂಡು ಬೇಕಾದರೆ ಮಾಡಿಕೊಳ್ಳಿ.

ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ ಎನ್ನುವುದೂ ನೆನಪಿರಲಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಪ್ರಿಂಟ್ ಮಾಡಿದ ಪೀಸ್‌ಗಳನ್ನು ಬಿಟ್ಟು ಹೋಗಬೇಡಿ.

ಪೈಪು, ಉಂಗುರ, ಕ್ಯೂಬು

ಪೈಪಿನ ಪೀಸ್‌ಗಳಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ತಿಳಿಯದೆ ಹಲವರು ಎಡವುತ್ತಾರೆ. 2025ರ ಎಫ್‌ಆರ್‌ಸಿ ಆಟ ರೀಫ್‌ಸ್ಕೇಪ್‌ನಲ್ಲಿ ಕೋರಲ್ ಎಂದು ಕರೆದದ್ದು ಸುಮಾರು 30 ಸೆಂಟಿಮೀಟರ್ ಉದ್ದದ, 4 ಇಂಚಿನ ಶೆಡ್ಯೂಲ್ 40 (ಗೋಡೆಯ ದಪ್ಪ ಹೇಳುವ ದರ್ಜೆ) ಪಿವಿಸಿ ಪೈಪಿನ ತುಂಡು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ನಾಲ್ಕಿಂಚು ಪೈಪ್ ಕೊಡಿ’ ಎಂದರೆ ನಮ್ಮಲ್ಲಿ ಕೈಗೆ ಬರುವುದು ಹೆಚ್ಚಾಗಿ ಚರಂಡಿಗೆ ಹಾಕುವ 110 ಮಿಲಿಮೀಟರ್ ಎಸ್‌ಡಬ್ಲ್ಯುಆರ್ ಪೈಪ್. ಶೆಡ್ಯೂಲ್ 40ರ ಹೊರವ್ಯಾಸ 114.3 ಮಿಲಿಮೀಟರ್, ಗೋಡೆ 6 ಮಿಲಿಮೀಟರ್. ಎಸ್‌ಡಬ್ಲ್ಯುಆರ್‌ನ ಬಿ ಟೈಪ್ ಗೋಡೆ 3.2 ಮಿಲಿಮೀಟರ್ ಆಸುಪಾಸು, ಎ ಟೈಪ್ ಇನ್ನೂ ತೆಳು. ನೋಡಲು ಒಂದೇ, ಆದರೆ ಹೊರವ್ಯಾಸ 4 ಮಿಲಿಮೀಟರ್ ಕಡಿಮೆ, ಘನ ಗೋಡೆಯ ಶೆಡ್ಯೂಲ್ 40 ಪೈಪಿಗೆ ಹೋಲಿಸಿದರೆ ತೂಕ ಅರ್ಧದ ಹತ್ತಿರ. ಹಗುರ ಪೈಪಿಗೆ ಹೊಂದಿಸಿದ ತೋಳು ಅಸಲು ಪೈಪನ್ನು ಎತ್ತುವಾಗ ತೊನೆದಾಡುತ್ತದೆ. ಅಂಗಡಿಯಲ್ಲಿ ‘ಯುಪಿವಿಸಿ, ಶೆಡ್ಯೂಲ್ 40, ನಾಲ್ಕಿಂಚು’ ಎಂದು ಬಿಡಿಸಿ ಕೇಳಿ, ಪೈಪಿನ ಮೈಮೇಲೆ ಅಚ್ಚಾಗಿರುವುದನ್ನು ಓದಿ. 3 ಮೀಟರ್ ಉದ್ದದಲ್ಲಿ ಒಂಬತ್ತು ಪೀಸ್ ಬರುತ್ತವೆ. ಅಂಗಡಿಯಲ್ಲೇ ಕತ್ತರಿಸಿ ಕೊಟ್ಟರೆ ಅಂಚನ್ನು ಮರಳುಕಾಗದದಲ್ಲಿ ಉಜ್ಜಿ, ಚೂಪಾದ ಅಂಚು ರೋಲರ್ ಟೇಪನ್ನೂ ಮಕ್ಕಳ ಕೈಯನ್ನೂ ಕೊಯ್ಯುತ್ತದೆ. ಬಾಳಿಕೆ, ಬೆಲೆ, ಒಂದರಂತೊಂದಿರುವುದು ಮೂರರಲ್ಲೂ ಪೈಪಿಗೆ ಸಾಟಿಯಿಲ್ಲ.

ಉಂಗುರಗಳ ಕಥೆ ಬೇರೆ. 2024ರ ಎಫ್‌ಆರ್‌ಸಿ ಆಟ ಕ್ರೆಶೆಂಡೊದಲ್ಲಿ 14 ಇಂಚು ಹೊರವ್ಯಾಸ, 10 ಇಂಚು ಒಳವ್ಯಾಸ, 2 ಇಂಚು ದಪ್ಪದ ಕಿತ್ತಳೆ ಬಣ್ಣದ ಫೋಮ್ ಉಂಗುರಗಳಿದ್ದವು. ಇದಕ್ಕೆ ಬದಲಿಯಾಗಿ ಎಸಿ ಪೈಪಿಗೆ ಸುತ್ತುವ ಕಪ್ಪು ಇನ್ಸುಲೇಷನ್ ಟ್ಯೂಬನ್ನು ವೃತ್ತವಾಗಿ ಬಾಗಿಸಿ ಅಂಟಿಸಬಹುದು, ಅಗ್ಗವೂ ಹೌದು. ಆದರೆ ಅಂಟಿಸಿದ ಜಾಗ ಗಟ್ಟಿಯಾಗಿ ಉಳಿದು ಶೂಟರಿನಲ್ಲಿ ಕುಪ್ಪಳಿಸುತ್ತದೆ. ಇವಿಎ ಎಂಬ ಫೋಮಿನ ದಪ್ಪ ಹಾಳೆಯಿಂದ ಉಂಗುರ ಕತ್ತರಿಸಿಕೊಂಡರೆ ಈ ತೊಂದರೆಯಿಲ್ಲ, ನಡುವೆ ಮಿಕ್ಕ ಬಿಲ್ಲೆಯೂ ಬೇರೆ ಪ್ರಯೋಗಕ್ಕೆ ಬರುತ್ತದೆ. ಎತ್ತುವುದನ್ನು ಮಾತ್ರ ಕಲಿಯುವುದಾದರೆ ಟ್ಯೂಬ್, ಎಸೆಯುವುದಾದರೆ ಹಾಳೆ.

ಫೋಮ್ ಕ್ಯೂಬ್ ಬೇಕಾದವರು ಸೋಫಾ, ಕಾರಿನ ಸೀಟು ಹೊಲಿಯುವ ಅಂಗಡಿಗೆ ಹೋಗಿ. ಅಲ್ಲಿ ಫೋಮ್ ಮಾರುವುದು ಡೆನ್ಸಿಟಿ ಲೆಕ್ಕದಲ್ಲಿ. 32, 40 ಎನ್ನುವುದು ಒಂದು ಘನ ಮೀಟರಿಗೆ ಇಷ್ಟು ಕೆಜಿ ಎಂದು. ಬೇಕಾದ ತೂಕವನ್ನು ಕ್ಯೂಬಿನ ಗಾತ್ರದಿಂದ ಭಾಗಿಸಿದರೆ ಯಾವ ಡೆನ್ಸಿಟಿ ಕೇಳಬೇಕೆಂದು ಮೊದಲೇ ಗೊತ್ತಾಗುತ್ತದೆ. ಮಕ್ಕಳಿಗೆ ಇದು ಒಳ್ಳೆಯ ಲೆಕ್ಕದ ಪಾಠವೂ ಆಯಿತು. ಮೇಲೆ ರೆಕ್ಸಿನ್ ಅಥವಾ ದಪ್ಪ ಬಟ್ಟೆಯ ಕವರ್ ಹೊಲಿಸಿ, ಇಲ್ಲದಿದ್ದರೆ ಫೋಮ್ ಬೇಗ ಹರಿಯುತ್ತದೆ.

ರೋಬೊಕಾನ್ ಎಂಬ ಸ್ಪರ್ಧೆಗೆ ಹೋಗುವ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳಿಗೂ ಈ ಅಳತೆಗಳೇ ಹೊಂದುತ್ತವೆ. 2022ರಲ್ಲಿ ಭಾರತ ಆತಿಥ್ಯ ವಹಿಸಿದ ಎಬಿಯು ರೋಬೊಕಾನ್‌ನ ಆಟ ನಮ್ಮ ಲಗೋರಿಯೇ ಆಗಿತ್ತು, ಐದು ಬಿಲ್ಲೆಗಳನ್ನು ರೋಬೊ ಪೇರಿಸಬೇಕಿತ್ತು. ಪೇರಿಸುವ ಆಟದಲ್ಲಿ ಬಿಲ್ಲೆಯ ಮೈ ಸಮತಟ್ಟಾಗಿರುವುದೇ ಎಲ್ಲಕ್ಕಿಂತ ಮುಖ್ಯ, ಬಣ್ಣ ಆಮೇಲೆ. ಶಾಲೆಯೊಳಗೇ ಇಂಥ ಆಟ ಕಟ್ಟುವವರಿಗೆ ಚನ್ನಪಟ್ಟಣದವರು ಲೇತಿನಲ್ಲಿ ಕಡೆದ ಮರದ ಬಿಲ್ಲೆ, ಬಳೆ, ಗೂಟಗಳೂ ಒಳ್ಳೆಯ ಆಯ್ಕೆ. ವರ್ಷಗಟ್ಟಲೆ ಬಾಳುತ್ತವೆ. ಅರಗಿನ ಮೈ ನುಣುಪಾಗಿ ಜಾರುವುದರಿಂದ ಹಿಡಿಯುವ ಬೆರಳಿಗೆ ರಬ್ಬರ್ ಅಂಟಿಸಬೇಕು, ತೂಕವನ್ನು ಬೆರಳು ಆಡಿಸುವ ಸಣ್ಣ ಮೋಟಾರು ಸರ್ವೋ ತಾಳುತ್ತದೆಯೇ ನೋಡಿಕೊಳ್ಳಬೇಕು.

ತೀರಾ ಗಟ್ಟಿಯಾದದ್ದೂ ಒಳ್ಳೆಯದಲ್ಲ

ಬಾಳಿಕೆ ಬರಬೇಕು ಎಂಬುದು ಎಲ್ಲರ ಮೊದಲ ಬೇಡಿಕೆ. ಇಲ್ಲಿ ನನಗೊಂದು ಆಕ್ಷೇಪವಿದೆ. ಗೇಮ್ ಪೀಸ್‌ಗಳನ್ನು ಹಾಳುಮಾಡುವ ರೋಬೊವನ್ನು ಸ್ಪರ್ಧೆಯಲ್ಲಿ ಹಾಗೇ ಆಡಲು ಬಿಡುವುದಿಲ್ಲ, ಸರಿಪಡಿಸಿ ಬನ್ನಿ ಎನ್ನುತ್ತಾರೆ. ನಿಮ್ಮ ಅಭ್ಯಾಸದ ಪೀಸ್ ಅಸಲಿಗಿಂತ ಗಟ್ಟಿಯಾಗಿದ್ದರೆ ಇನ್‌ಟೇಕಿನ ಚೂಪು ಮೂಲೆ, ಹೊರಚಾಚಿದ ಸ್ಕ್ರೂ ತಲೆ ಯಾವುದೂ ಬೆಳಕಿಗೆ ಬರುವುದಿಲ್ಲ. 2024ರ ಫೋಮ್ ಉಂಗುರಗಳು ಇಂಥ ಮೂಲೆಗಳಿಗೆ ಸಿಕ್ಕಿ ಹರಿಯುತ್ತಿದ್ದವು. ಆದ್ದರಿಂದ ಅಸಲಿನಷ್ಟೇ ನಾಜೂಕಾದ ಕೆಲವಾದರೂ ಕೈಯಲ್ಲಿರಲಿ. ಪೀಸ್ ಹರಿದರೆ ಬೇಜಾರಾಗದೆ ಹರಿದ ಜಾಗವನ್ನು ನೋಡಿ, ರೋಬೊದಲ್ಲಿ ಯಾವ ಕಡೆ ಫೈಲ್ ಹಾಕಬೇಕೆಂದು ಅದೇ ತೋರಿಸುತ್ತದೆ.

ಸವೆತದಲ್ಲೂ ಇದೇ ಮಾತು. ಕ್ರಿಕೆಟ್‌ನಲ್ಲಿ ಹೊಸ ಚೆಂಡು, ಹಳೆಯ ಚೆಂಡು ಬೇರೆ ಬೇರೆ ರೀತಿ ವರ್ತಿಸುವಂತೆ ಇಲ್ಲೂ ಹೊಳಪಿನ ಚೆಂಡು ರೋಲರಿನಲ್ಲಿ ಜಾರುತ್ತದೆ, ಗೀರು ಬಿದ್ದದ್ದು ಹಿಡಿದುಕೊಳ್ಳುತ್ತದೆ. 2022ರ ಎಫ್‌ಆರ್‌ಸಿ ಆಟದ ದೊಡ್ಡ ಟೆನಿಸ್ ಚೆಂಡುಗಳ ನವಿರು ಸವೆದಂತೆ ಅವು ಹೋಗಿ ಬೀಳುವ ಜಾಗವೂ ಬದಲಾಗುತ್ತಿತ್ತು. ಸ್ಪರ್ಧೆಯಲ್ಲಿ ಬೆಳಿಗ್ಗೆ ಹೊಸದು, ಸಂಜೆಗೆ ಹಳೆಯದು ಸಿಗುತ್ತದೆ. ಎರಡರಲ್ಲೂ ಗುರಿ ಮುಟ್ಟುವ ಶೂಟರ್ ಬೇಕಾದರೆ ಅಭ್ಯಾಸದಲ್ಲಿ ಎರಡೂ ಇರಬೇಕು. ಕೊಂಡ ಅಧಿಕೃತ ಚೆಂಡುಗಳಲ್ಲಿ ನಾಲ್ಕನ್ನು ಕವರ್ ಬಿಚ್ಚದೆ ಎತ್ತಿಡಿ.

ನಿಮ್ಮ ತಂಡಕ್ಕೆ ಯಾವುದು

ಇದೇ ಮೊದಲ ವರ್ಷ, ಕೈಯಲ್ಲಿ ದುಡ್ಡಿಲ್ಲ, ರೋಬೊ ಇನ್ನೂ ಓಡಲು ಕಲಿಯುತ್ತಿದೆ ಎಂದಾದರೆ ಅಂಗಡಿಯ ಗಾಳಿಯ ಚೆಂಡು ಒಂದು ಡಜನ್ ತನ್ನಿ. ಅಧಿಕೃತ ಚೆಂಡನ್ನು ಪಕ್ಕದ ತಂಡದಿಂದ ಎರಡು ದಿನಕ್ಕೆ ಮೂರು ಕೇಳಿ ಪಡೆಯಿರಿ. ಆ ಎರಡು ದಿನದಲ್ಲಿ ಇನ್‌ಟೇಕಿನ ಸಂದನ್ನು ಅಸಲಿಗೆ ಹೊಂದಿಸಿ, ರಟ್ಟಿನಲ್ಲಿ ಅದೇ ವ್ಯಾಸದ ತೂತು ಕತ್ತರಿಸಿ ಗೇಜ್ ಮಾಡಿಟ್ಟುಕೊಳ್ಳಿ.

ಶೂಟರ್ ಇದೆ, ಆದರೆ ಬಣ್ಣ ವಿಂಗಡಿಸುವುದಿಲ್ಲ ಎನ್ನುವ ತಂಡ ಮೊದಲು ಒಂಬತ್ತು ಅಧಿಕೃತ ಚೆಂಡುಗಳಿಗೆ ದುಡ್ಡು ಇಡಲಿ. ಮೂರು ಮೂರರ ಮೂರು ಸರದಿ ಆಗುತ್ತದೆ, ಹೆಕ್ಕಿ ತರಲು ಪುರುಸೊತ್ತು ಸಿಗುತ್ತದೆ. ಬಣ್ಣ ಯಾವುದಾದರೂ ನಡೆಯುತ್ತದೆ. ಡ್ರೈವರ್ ಅಭ್ಯಾಸಕ್ಕೆ ಸಂಖ್ಯೆ ತುಂಬಲು ಅಗ್ಗದ್ದನ್ನು ಸೇರಿಸಿಕೊಳ್ಳಿ.

ಸೆನ್ಸರ್, ಕ್ಯಾಮೆರಾ, ವಿಂಗಡಣೆ ಎಲ್ಲ ಇರುವ, ರಾಷ್ಟ್ರಮಟ್ಟದ ಮೇಲೆ ಕಣ್ಣಿಟ್ಟ ತಂಡಕ್ಕೆ ಬದಲಿ ದಾರಿಯಿಲ್ಲ, 36ರ ಪೂರ್ತಿ ಸೆಟ್ ಬೇಕು. ಒಬ್ಬರೇ ಕೊಳ್ಳಲಾಗದಿದ್ದರೆ ಸೇರಿ ಕೊಳ್ಳಿ. ಚೆಂಡಿಗಿಂತ ಮೊದಲು ನೆಲದ ಬಗ್ಗೆ ಯೋಚಿಸಬೇಕಾದವರೂ ಇವರೇ. ಅಧಿಕೃತ ಅಂಗಳ 12 ಅಡಿ ಚೌಕದ ಫೋಮ್ ಹಾಸು. ಗ್ರಾನೈಟ್ ನೆಲದ ಮೇಲೆ ಪುಟಿದ ಚೆಂಡಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಂದಕ್ಕೊಂದು ಸಿಕ್ಕಿಸುವ 2 ಅಡಿಯ ಇವಿಎ ಹಾಸುಗಳು ಜಿಮ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಪೂರ್ತಿ ಅಂಗಳಕ್ಕೆ 36 ಬೇಕು, ಗೋಲಿನ ಮುಂದಿನ ಕಾಲುಭಾಗಕ್ಕೆ ಒಂಬತ್ತು ಸಾಕು.

ಸರ್ಕಾರಿ ಅನುದಾನದಿಂದ ಕೊಳ್ಳುವ ಶಾಲೆಗೆ ಇನ್ನೊಂದು ಷರತ್ತು ಸೇರುತ್ತದೆ: ಬಿಲ್ಲು. ನೆಂಟರು ತಂದ ಚೆಂಡಿಗೂ ಹಳೆಯ ತಂಡದಿಂದ ಕೊಂಡ ಸೆಟ್ಟಿಗೂ ಜಿಎಸ್‌ಟಿ ಬಿಲ್ ಸಿಗುವುದಿಲ್ಲ. ಅನುದಾನದ ದುಡ್ಡು ಪೈಪು, ಫೋಮ್, ಫಿಲಮೆಂಟ್, ನೆಲಹಾಸಿಗೆ ಹೋಗಲಿ. ಇವೆಲ್ಲ ಊರಲ್ಲೇ ಬಿಲ್ ಸಮೇತ ಸಿಗುತ್ತವೆ, ಮುಂದಿನ ವರ್ಷದ ಆಟಕ್ಕೂ ಒದಗುತ್ತವೆ. ಒಂದೇ ಸೀಸನ್ನಿಗೆ ಬರುವ ಚೆಂಡಿಗೆ ದಾನಿಗಳನ್ನೋ ಹಳೆಯ ವಿದ್ಯಾರ್ಥಿಗಳನ್ನೋ ಕೇಳಿ.

ತಂದ ದಿನವೇ ಮಾಡಬೇಕಾದ ಕೆಲಸ

ಪ್ರತಿ ಪೀಸಿಗೂ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಗೇಜಿನ ತೂತಿನಲ್ಲಿ ಎರಡು ದಿಕ್ಕಿಗೆ ತೂರಿಸಿ ನೋಡಿ. ಎರಡು ಹಲಗೆಗಳ ನಡುವೆ ಇಟ್ಟು ಮೇಲೆ 5 ಕೆಜಿ ಭಾರ ಹೇರಿ ಎಷ್ಟು ಕುಗ್ಗಿತೆಂದು ಸ್ಕೇಲಿನಲ್ಲಿ ಅಳೆಯಿರಿ. ಒಂದು ಮೀಟರ್ ಎತ್ತರದಿಂದ ಬಿಟ್ಟು ಪುಟಿತವನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಕೊನೆಗೆ ಶೂಟರಿನ ವೇಗ ಬದಲಿಸದೆ ಅಧಿಕೃತ ಚೆಂಡು ಹತ್ತು ಸಲ, ಬದಲಿ ಚೆಂಡು ಹತ್ತು ಸಲ ಎಸೆದು ಬಿದ್ದ ಜಾಗಗಳನ್ನು ಸೀಮೆಸುಣ್ಣದಲ್ಲಿ ಗುರುತಿಸಿ. ಎರಡು ಗುಂಪು ಒಂದರ ಮೇಲೊಂದು ಬಿದ್ದಿದ್ದರೆ ಆ ಬದಲಿ ಚೆಂಡಿಗೆ ಧೈರ್ಯವಾಗಿ ದುಡ್ಡು ಕೊಡಿ. ಈ ಪರೀಕ್ಷೆಯನ್ನು ಡಜನ್ ಕೊಳ್ಳುವ ಮೊದಲು ಎರಡೇ ಕೊಂಡು ಮಾಡಿದರೆ ಇನ್ನೂ ಒಳ್ಳೆಯದು.

ಇಡಲು ಎರಡು ಬುಟ್ಟಿ ಮಾಡಿ, ಒಂದು ಶೂಟರಿಗೆ, ಒಂದು ಡ್ರೈವರಿಗೆ. ಬಿಸಿಲು ಬೀಳುವ ಕಿಟಕಿ ಬೇಡ, ಪ್ಲಾಸ್ಟಿಕ್ ಪೆಡಸಾಗುತ್ತದೆ, ಫೋಮ್ ಹಳದಿಯಾಗಿ ಪುಡಿ ಉದುರುತ್ತದೆ. ಮಂಗಳೂರು, ಉಡುಪಿ ಕಡೆಯ ತೇವಕ್ಕೂ ಪಾಲಿಯುರೆಥೇನ್ ಫೋಮ್ ಬೇಗ ಸೋಲುವುದರಿಂದ ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ತಿಂಗಳಿಗೊಮ್ಮೆ ಶೂಟರ್ ಬುಟ್ಟಿಯ ಚೆಂಡುಗಳನ್ನು ಮತ್ತೆ ತೂಗಿ, ಗೇಜಿಗೆ ಹಾಕಿ. ತಪ್ಪಿದ್ದು ಡ್ರೈವರ್ ಬುಟ್ಟಿಗೆ ಹೋಗಲಿ, ಅಲ್ಲಿ ಬಿರಿದದ್ದು ಮಾತ್ರ ಕಸಕ್ಕೆ.